ಓದುಗರ ಪ್ರಶ್ನೆ: ಲಾ, ಸಿವಿಲ್, ಸೈಕಾಲಜಿ, ಕಂಪ್ಯೂಟರ್ – ಎಲ್ಲಿ ಎಂತಹ ರಿಸರ್ಚ್ ಮಾಡ್ತಾರೆ?

ಈ ಸಲ ಬಂದ ಪ್ರಶ್ನೆಗಳಲ್ಲಿ ಮುಕ್ಕಾಲುಪಾಲು ಪಿಎಚ್‌ಡಿ, ರಿಸರ್ಚ್ ಬಗ್ಗೆಯೇ. ಮುಂಬೈ, ಪುಣೆ, ಗೋವಾ ಮೂರೂ ಕಡೆಯಿಂದ ಬಂದದ್ದರಲ್ಲಿ ಕೆಲವನ್ನು ತಗೊಂಡಿದ್ದೇನೆ. ಹೆಸರು ಹಾಕಿಲ್ಲ, ಊರು ಮಾತ್ರ.

ಪ್ರಶ್ನೆ: ಸರ್, ನಾನು ಎಲ್‌ಎಲ್‌ಎಂ ಓದ್ತಿದೀನಿ. ನನ್ನ ರೂಮ್‌ಮೇಟ್ ಕಂಪ್ಯೂಟರ್ ಸೈನ್ಸಲ್ಲಿ ರಿಸರ್ಚ್ ಮಾಡ್ತಾಳೆ, ಅವಳ ಹತ್ರ ಡೇಟಾ, ಗ್ರಾಫ್, ರಿಸಲ್ಟ್ ಎಲ್ಲಾ ಇದೆ. ನಾನು ಮಾತ್ರ ಬೆಳಗಿಂದ ಸಂಜೆ ತನಕ ಜಡ್ಜ್‌ಮೆಂಟ್ ಓದ್ತಾ ಕೂತಿರ್ತೀನಿ. ಲಾದಲ್ಲಿ ರಿಸರ್ಚ್ ಅನ್ನೋದು ನಿಜವಾಗ್ಲೂ ಇದೆಯಾ? – ಕೋಥ್ರೂಡ್, ಪುಣೆ

ಉಂಟು ತಂಗಿ, ಧಾರಾಳ ಉಂಟು. ನಿನ್ನ ರೂಮ್‌ಮೇಟಿಗೆ ಸಾಕ್ಷಿ ಸಿಗೋದು ಪ್ರೋಗ್ರಾಂ ಓಡಿಸಿದಾಗ, ನಿನಗೆ ಸಿಗೋದು ಶಾಸನ, ತೀರ್ಪು, ವಾದ ಇವುಗಳ ಒಳಗೆ. ಒಂದು ಕೇಸು ಹೇಳ್ತೇನೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಆಧಾರ್‌ನಿಂದ ಪ್ರೈವೆಸಿ (ಖಾಸಗಿತನ) ಹಕ್ಕಿಗೆ ಧಕ್ಕೆ ಅಂತ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿದ್ರು, ಆಗ್ಲೇ ಅವರಿಗೆ ವಯಸ್ಸು ಎಂಬತ್ತು ದಾಟಿತ್ತು. ಸರ್ಕಾರದ ಕಡೆಯವರ ವಾದ ಎಂತ ಅಂದ್ರೆ, 1954ರ ಎಂ.ಪಿ. ಶರ್ಮಾ ಕೇಸಲ್ಲಿ ಎಂಟು ಜಡ್ಜುಗಳು, 1962ರ ಖರಕ್ ಸಿಂಗ್ ಕೇಸಲ್ಲಿ ಆರು ಜಡ್ಜುಗಳು ಪ್ರೈವೆಸಿ ಅಂತ ಮೂಲಭೂತ ಹಕ್ಕೇ ಇಲ್ಲ ಅಂದಾಗಿದೆ, ಆಮೇಲೆ ಬಂದ ಸಣ್ಣ ಪೀಠಗಳು ಹಕ್ಕು ಉಂಟು ಅಂದದ್ದಕ್ಕೆ ಬೆಲೆ ಇಲ್ಲ ಅಂತ. ಅದಕ್ಕೇ ಒಂಬತ್ತು ಜಡ್ಜುಗಳ ಪೀಠ ಕೂರಬೇಕಾಯ್ತು, 2017ರ ಆಗಸ್ಟ್ 24ಕ್ಕೆ ಒಂಬತ್ತೂ ಮಂದಿ ಒಮ್ಮತದಲ್ಲಿ ಹಕ್ಕು ಹೌದು ಅಂದ್ರು. ಆ ಹಳೇ ತೀರ್ಪುಗಳಲ್ಲಿ ನಿಜಕ್ಕೂ ತೀರ್ಮಾನ ಆದದ್ದು ಯಾವುದು, ಮಾತಿನ ಮಧ್ಯೆ ಬಂದುಹೋದದ್ದು ಯಾವುದು, ಯಾವುದರ ಮೇಲೆ ಯಾವುದು ನಿಂತಿದೆ ಅಂತ ಎಳೆ ಎಳೆಯಾಗಿ ಬಿಡಿಸ್ತಾರಲ್ಲ, ಅದೇ ಡಾಕ್ಟ್ರಿನಲ್ ರಿಸರ್ಚ್. ಇದರಲ್ಲಿ ಗ್ರಾಫ್ ಬರೋದಿಲ್ಲ, ಹಾಗಂತ ಸುಲಭ ಅಂದ್ಕೋಬೇಡ.

ಇನ್ನೊಂದು ಬಗೆ ಎಂಪಿರಿಕಲ್. ಪುಸ್ತಕದ ಕಾನೂನು ಊರಲ್ಲಿ ಹೇಗೆ ನಡೀತದೆ ಅಂತ ಹೋಗಿ ನೋಡೋದು. ಇದಕ್ಕೆ ನೀನು ಪುಣೆಯಿಂದ ತುಂಬಾ ದೂರ ಹೋಗೋದೇ ಬೇಡ, ಗೋವಾ ಸಾಕು. ಅಲ್ಲಿ 1867ರ ಪೋರ್ಚುಗೀಸ್ ಸಿವಿಲ್ ಕೋಡಿನ ಬುಡದಿಂದ ಬಂದ ಕೌಟುಂಬಿಕ ಕಾನೂನು ಇವತ್ತಿಗೂ ಉಂಟು. ಮದುವೆಗೆ ಮುಂಚೆ ಬೇರೆ ಕರಾರು ಮಾಡ್ಕೊಳ್ಳದಿದ್ರೆ ಗಂಡ ಹೆಂಡತಿ ಆಸ್ತಿ ಇಬ್ಬರದೂ ಒಟ್ಟು, ಅರ್ಧ ಅರ್ಧ. ಉತ್ತರಾಧಿಕಾರದ ಭಾಗಕ್ಕೆ ಗೋವಾದವರೇ 2012ರಲ್ಲಿ ಹೊಸ ಕಾಯ್ದೆ ಮಾಡಿದ್ರು. 2019ರಲ್ಲಿ ಸುಪ್ರೀಂ ಕೋರ್ಟು, ಗೋವಾದ ನಿವಾಸಿ ಆದವನ ಆಸ್ತಿ ಭಾರತದಲ್ಲಿ ಎಲ್ಲೇ ಇದ್ರೂ ಉತ್ತರಾಧಿಕಾರಕ್ಕೆ ಪೋರ್ಚುಗೀಸ್ ಕೋಡೇ ಅನ್ವಯ ಅಂತ ಹೇಳ್ತು. ಈಗ ನನ್ನ ತಲೆಗೆ ಬರೋ ಪ್ರಶ್ನೆ: ಬೈನಾದಲ್ಲೋ ಝುವಾರಿನಗರದಲ್ಲೋ ಎರಡು ತಲೆಮಾರಿಂದ ಇರೋ ಬಿಜಾಪುರ, ಗದಗದ ಕಡೆಯ ಕುಟುಂಬಗಳು ಉಂಟಲ್ಲ, ರೇಶನ್ ಕಾರ್ಡ್ ಗೋವಾದ್ದು, ಹೊಲ ಊರಲ್ಲಿ, ಅವರ ಮನೆ ಹೆಣ್ಮಕ್ಕಳಿಗೆ ತಮಗೆ ಯಾವ ಕಾನೂನು ಅಂತ ಗೊತ್ತುಂಟಾ? ಪಾಲು ಮಾಡುವಾಗ ವಕೀಲರು ಎಂತ ಹೇಳ್ತಾರೆ? ಕನ್ನಡ ಬರುವ ಒಬ್ಬಳು ಲಾ ಹುಡುಗಿ ನೋಟ್‌ಬುಕ್ ಹಿಡ್ಕೊಂಡು ಮನೆ ಮನೆಗೆ ಹೋದ್ರೆ ಒಂದು ಒಳ್ಳೇ ಥೀಸಿಸ್ ಅಲ್ಲೇ ಉಂಟು. ಡೇಟಾ ಡೇಟಾ ಅಂತಿದ್ದೆಯಲ್ಲ, ತಗೋ.

ಪ್ರಶ್ನೆ: ನಮಸ್ಕಾರ್ರೀ ಸರ್. ನಮ್ಮಪ್ಪ ವಾಸ್ಕೋದಾಗ ಗೌಂಡಿ ಕೆಲಸ ಮಾಡ್ತಾನ, ನಾ ಇಲ್ಲೇ ಸಿವಿಲ್ ಇಂಜಿನಿಯರಿಂಗ್ ಕಡೀ ವರ್ಷ ಅದೀನಿ. ಎಂ.ಟೆಕ್ ಮಾಡಿ ರಿಸರ್ಚಿಗೆ ಹೋಗ್ಬೇಕಂತ ಆಸೆ ಐತಿ. ಆದ್ರ ದೋಸ್ತ್ರು ಎಲ್ಲಾ ಎಐ ಕಡೆ ಹೊಂಟಾರ, ಸಿವಿಲ್‌ದಾಗ ಇನ್ನೇನ್ ಕಂಡುಹಿಡಿಯೋದು ಉಳದೈತಲೇ ಅಂತ ನಗ್ತಾರ. ಏನ್ ಮಾಡ್ಲಿ? – ವಾಸ್ಕೋ

ನಗುವವರು ನಗ್ಲಿ ತಮ್ಮ. ನಿಮ್ಮಪ್ಪನನ್ನೇ ಕೇಳು, ಸಮುದ್ರದ ಹತ್ತಿರ ಕಟ್ಟಿದ ಮನೆಯ ಸ್ಲ್ಯಾಬ್ ಯಾಕೆ ಬೇಗ ಉದುರ್ತದೆ ಅಂತ. ಉಪ್ಪುಗಾಳಿಯ ಕ್ಲೋರೈಡ್ ನಿಧಾನಕ್ಕೆ ಕಾಂಕ್ರೀಟ್ ಒಳಗೆ ಇಳೀತದೆ, ಕಬ್ಬಿಣದ ಸರಳಿಗೆ ತುಕ್ಕು ಹಿಡೀತದೆ, ತುಕ್ಕು ಹಿಡಿದ ಸರಳು ಉಬ್ಬಿ ಕಾಂಕ್ರೀಟನ್ನೇ ಸೀಳಿ ಹಾಕ್ತದೆ. ಇದು ಗೊತ್ತಿರೋ ಕಥೆ. ಗೊತ್ತಿಲ್ಲದ್ದು ಎಷ್ಟೋ ಉಂಟು: ಕಾಂಕ್ರೀಟಿಗೆ ಯಾವ ಬೂದಿ ಎಷ್ಟು ಸೇರಿಸಿದ್ರೆ ಗೋವಾದ ಹವೆಯಲ್ಲಿ ಎಷ್ಟು ವರ್ಷ ಬಾಳ್ತದೆ, ಜಂಬಿಟ್ಟಿಗೆ ಮಣ್ಣಿನ ಇಳಿಜಾರು ಜುಲೈ ಮಳೆಗೆ ಯಾವಾಗ ಜಾರ್ತದೆ, ಇಂಥದ್ದು. ಇಲ್ಲಿ ಪ್ರಕೃತಿಯೇ ಪರೀಕ್ಷಕ. ಗಟ್ಟಿತನ ಪರೀಕ್ಷೆಗೆ ಕಾಂಕ್ರೀಟ್ ಕ್ಯೂಬ್ ಹಾಕಿದ್ಮೇಲೆ 28 ದಿನ ಕಾಯ್ಲೇಬೇಕು, ಗೈಡ್ ಅವಸರ ಮಾಡಿದ್ರೂ ಅದು 20 ದಿನಕ್ಕೆ ಆಗೋದಿಲ್ಲ.

2005ರ ಜುಲೈ 26 ನಿಮಗೆಲ್ಲ ಕೇಳಿಯಾದ್ರೂ ಗೊತ್ತಿರ್ತದೆ. ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ. ಮುಂಬೈಯ ಹಳೇ ಚರಂಡಿಗಳು ಗಂಟೆಗೆ 25 ಮಿಲಿಮೀಟರ್ ಲೆಕ್ಕದಲ್ಲಿ, ಅದೂ ಸಮುದ್ರ ಇಳಿತ ಇದ್ದಾಗಿನ ಲೆಕ್ಕದಲ್ಲಿ ಕಟ್ಟಿದ್ದು. ಭರತ ಇದ್ದಾಗ ನೀರು ಹೊರಗೆ ಹೋಗೋದು ಬಿಡಿ, ಒಳಗೆ ಬರ್ತದೆ! ಎಷ್ಟು ಮಳೆಗೆ ಚರಂಡಿ ಕಟ್ಟಬೇಕು, ಎಷ್ಟು ದುಡ್ಡಿಗೆ, ಯಾವ ಅಪಾಯ ಒಪ್ಕೊಂಡು, ಇದು ಇವತ್ತಿಗೂ ಮುಗಿಯದ ಪ್ರಶ್ನೆ. ಪುಣೆಯ ಖಡಕ್‌ವಾಸ್ಲಾದಲ್ಲಿ 1916ರಿಂದ ಇರೋ ಸೆಂಟ್ರಲ್ ವಾಟರ್ ಅಂಡ್ ಪವರ್ ರಿಸರ್ಚ್ ಸ್ಟೇಷನ್ ಉಂಟು, ಅಲ್ಲಿ ಅಣೆಕಟ್ಟು, ಬಂದರುಗಳ ಸಣ್ಣ ಮಾದರಿ ಕಟ್ಟಿ ನೀರು ಬಿಟ್ಟು ನೋಡ್ತಾರೆ. ಅವಕಾಶ ಆದ್ರೆ ಕಾಲೇಜಿಂದ ಪರ್ಮಿಷನ್ ಪತ್ರ ಬರೆಸ್ಕೊಂಡು ಒಮ್ಮೆ ನೋಡ್ಕೊಂಡು ಬಾ.

ಎಐ ಕೆಟ್ಟದ್ದು ಅಂತ ನಾ ಹೇಳ್ತಾ ಇಲ್ಲ. ಆದ್ರೆ ಅಲ್ಲಿಯ ಓಟ ಬೇರೆ. ಕಂಪ್ಯೂಟಿಂಗ್‌ನಲ್ಲಿ ಜರ್ನಲ್‌ಗಿಂತ ಕಾನ್ಫರೆನ್ಸ್ ಪೇಪರಿಗೆ ಬೆಲೆ, ಡೆಡ್‌ಲೈನ್ ದಿನ ರಾತ್ರಿ ಯಾರಿಗೂ ನಿದ್ದೆ ಇಲ್ಲ, ನೀನು ಆರು ತಿಂಗಳು ಕೂತು ಮಾಡಿದ್ದನ್ನು ಯಾವುದೋ ದೊಡ್ಡ ಕಂಪನಿ ನಿನಗಿಂತ ಒಂದು ವಾರ ಮುಂಚೆ ಹಾಕಿಬಿಡ್ತದೆ. ಅಲ್ಲಿ ದೊಡ್ಡ ದೊಡ್ಡ ಮಾಡೆಲ್ ಕಟ್ಟೋ ರೇಸಿಗೆ ನಮ್ಮ ಲ್ಯಾಬುಗಳ ಕಂಪ್ಯೂಟರ್ ಸಾಲೋದಿಲ್ಲ, ಜಾಗ ಇರೋದು ಬೇರೆಯವರು ಮುಟ್ಟದ ಕೆಲಸದಲ್ಲಿ. ಐಐಟಿ ಬಾಂಬೆಯ ಭಾಷಾ ತಂತ್ರಜ್ಞಾನದವರು ಹಿಂದಿ ವರ್ಡ್‌ನೆಟ್ (ಪದಗಳನ್ನ ಅರ್ಥದ ನಂಟಿನಿಂದ ಜೋಡಿಸಿದ ಕೋಶ) ಕಟ್ಟಿದ್ರು, ಅದರ ಜಾಡಲ್ಲೇ ಕನ್ನಡವೂ ಸೇರಿದ ಇಂಡೋವರ್ಡ್‌ನೆಟ್ ಬಂತು. ಮಾಟುಂಗಾದಲ್ಲಿ ನಾವು ತುಳು, ಮರಾಠಿ, ಹಿಂದಿ ಎಲ್ಲಾ ಬೆರೆಸಿ ಮಾತಾಡೋ ಕನ್ನಡವನ್ನ ಫೋನಿಗೆ ಅರ್ಥ ಮಾಡ್ಸೋದು ಸಣ್ಣ ಕೆಲಸ ಅಲ್ಲ ಮಾರಾಯಾ.

ನಿನಗೆ ಕಾಂಕ್ರೀಟ್ ಮೇಲೆ ಕುತೂಹಲ ಇದ್ರೆ ಅದನ್ನೇ ಹಿಡಿ, ಗೇಟ್ ಪ್ರವೇಶ ಪರೀಕ್ಷೆ ಬರೆ. ಎಂ.ಟೆಕ್‌ಗೆ ಗೇಟ್ ಮೇಲೆ ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ ಸಿಗ್ತದೆ, ಮನೆಗೆ ಭಾರ ಆಗೋದು ಅಷ್ಟು ಕಮ್ಮಿ.

ಪ್ರಶ್ನೆ: ಮಗಳು ಸೈಕಾಲಜಿಯಲ್ಲಿ ಎಂಎ ಮುಗಿಸಿದ್ದಾಳೆ, ಈಗ ಪಿಎಚ್‌ಡಿ ಮಾಡ್ತೇನೆ ಅಂತ ಹಟ. ನೆಂಟರು "ಹುಚ್ಚರ ಡಾಕ್ಟರ್ ಆಗ್ತಾಳಂತಾ" ಅಂತ ಕೇಳ್ತಾರೆ. ಪಿಎಚ್‌ಡಿ ಆದ್ಮೇಲೆ ಕ್ಲಿನಿಕ್ ಇಡಬಹುದಾ? ಅಷ್ಟು ವರ್ಷ ಅವಳು ಅಲ್ಲಿ ಮಾಡೋದಾದ್ರೂ ಎಂತ? – ಡೊಂಬಿವಲಿ

ಅಕ್ಕಾ, ಮೊದಲು ಕ್ಲಿನಿಕ್ ವಿಷಯ, ಯಾಕಂದ್ರೆ ಇಲ್ಲೇ ಬಹಳ ಜನ ಎಡವ್ತಾರೆ. ಬರೇ ಸೈಕಾಲಜಿ ಪಿಎಚ್‌ಡಿ ಮಾಡಿದ್ರೆ ಹೆಸರಿನ ಮುಂದೆ ಡಾಕ್ಟರ್ ಬರ್ತದೆ, ಕ್ಲಿನಿಕಲ್ ಸೈಕಾಲಜಿಸ್ಟ್ ಅನ್ನೋ ಬೋರ್ಡ್ ಹಾಕೋ ಹಕ್ಕು ಬರೋದಿಲ್ಲ. ಅದಕ್ಕೆ ರಿಹ್ಯಾಬಿಲಿಟೇಶನ್ ಕೌನ್ಸಿಲ್ ಆಫ್ ಇಂಡಿಯಾ ಒಪ್ಪಿದ ಕೋರ್ಸ್ ಬೇಕು, ಅವರಲ್ಲಿ ನೋಂದಣಿ ಬೇಕು. ಆ ಕೋರ್ಸುಗಳ ಸ್ವರೂಪ ಈಗೀಗ ಬದಲಾಗ್ತಾ ಉಂಟು, ಹಾಗಾಗಿ ಕೌನ್ಸಿಲ್ ವೆಬ್‌ಸೈಟಿನ ಪಟ್ಟಿಯಲ್ಲಿ ಕಾಲೇಜಿನ ಹೆಸರು ನೋಡಿಯೇ ಫೀಸು ಕಟ್ಟಿ. ಮಗಳಿಗೆ ರೋಗಿಗಳ ಜೊತೆ ಕೂರೋ ಆಸೆಯಾ, ಅಥವಾ ಮನಸ್ಸು ಹೇಗೆ ಕೆಲಸ ಮಾಡ್ತದೆ ಅಂತ ಹುಡುಕೋ ಆಸೆಯಾ? ಇದೊಂದನ್ನ ಅವಳ ಹತ್ರವೇ ಕೇಳಿ, ನೆಂಟರನ್ನ ಬಿಡಿ.

ಎಂತ ಮಾಡ್ತಾಳೆ ಅಂದ್ರಲ್ಲ. ಲೋಕಲ್‌ನಲ್ಲಿ ದಿನಾ ನಾಲ್ಕು ಗಂಟೆ ನಿಂತು ಹೋಗಿಬರೋರ ನಿದ್ದೆ, ಸಿಟ್ಟು, ಮನೆಯಲ್ಲಿ ಮಕ್ಕಳ ಜೊತೆ ಮಾತಾಡೋ ರೀತಿ, ಇದನ್ನ ಅಳೆಯೋದು ಹೇಗೆ? ಥರ್ಮಾಮೀಟರ್ ಇಲ್ಲ. ಪ್ರಶ್ನಾವಳಿ ಮಾಡಬೇಕು, ಅದು ಇವತ್ತು ಕೇಳಿದ್ರೂ ಮುಂದಿನ ತಿಂಗಳು ಕೇಳಿದ್ರೂ ಹೆಚ್ಚುಕಮ್ಮಿ ಅದೇ ಉತ್ತರ ಕೊಡ್ತದಾ ನೋಡ್ಬೇಕು, ಜನ ನಮ್ಮನ್ನ ಮೆಚ್ಚಿಸೋಕೆ ಸುಳ್ಳು ಹೇಳ್ತಾರೆ ಅನ್ನೋದಕ್ಕೂ ದಾರಿ ಮಾಡ್ಕೋಬೇಕು. ಅದಕ್ಕಿಂತ ಮುಂಚೆ ಎಥಿಕ್ಸ್ ಕಮಿಟಿ ಒಪ್ಪಬೇಕು, ಭಾಗವಹಿಸೋರು ಬರಹದಲ್ಲಿ ಒಪ್ಪಿಗೆ ಕೊಡಬೇಕು, ಮಧ್ಯದಲ್ಲಿ ಬೇಡ ಅಂದ್ರೆ ಬಿಟ್ಟುಬಿಡಬೇಕು. ಇಂಜಿನಿಯರಿಗೆ ಕಾಂಕ್ರೀಟ್ ಕ್ಯೂಬಿನ ಪರ್ಮಿಷನ್ ಬೇಡ, ಇವಳಿಗೆ ಬೇಕು.

ಈ ವಿಷಯದಲ್ಲಿ ಒಂದು ದೊಡ್ಡ ಗದ್ದಲವೇ ಆಗಿತ್ತು. 2015ರಲ್ಲಿ ಸಂಶೋಧಕರ ಒಂದು ದೊಡ್ಡ ಗುಂಪು, ಒಳ್ಳೇ ಜರ್ನಲ್‌ಗಳಲ್ಲಿ ಬಂದ 100 ಸೈಕಾಲಜಿ ಪ್ರಯೋಗಗಳನ್ನ ಮತ್ತೆ ಮಾಡಿ ನೋಡಿತು. ಮೂಲ ಪ್ರಯೋಗಗಳಲ್ಲಿ 97 ಪರ್ಸೆಂಟ್ "ಫಲಿತಾಂಶ ಉಂಟು" ಅಂದಿದ್ವು, ಎರಡನೇ ಸಲ ಹಾಗೆ ಬಂದದ್ದು 36 ಪರ್ಸೆಂಟ್ ಮಾತ್ರ. ಸೈಕಾಲಜಿಯನ್ನ ಹೀಯಾಳಿಸೋಕೆ ಇದನ್ನ ಎತ್ತಿ ಆಡೋರು ಇದ್ದಾರೆ, ನನಗೆ ಮಾತ್ರ ಅದರಿಂದ ಆ ವಿಷಯದ ಮೇಲೆ ಗೌರವ ಜಾಸ್ತಿ ಆಯ್ತು, ತನ್ನ ಮನೆಯ ಕಸ ತಾನೇ ಗುಡಿಸೋಕೆ ಹೊರಟವರು ಎಷ್ಟು ಮಂದಿ ಹೇಳಿ! ಈಗ ಅನೇಕರು ಪ್ರಯೋಗ ಶುರುವಾಗೋ ಮುಂಚೆಯೇ ತಾವು ಎಂತ ಹುಡುಕ್ತಿದ್ದೇವೆ ಅಂತ ಸಾರ್ವಜನಿಕವಾಗಿ ಬರೆದಿಡ್ತಾರೆ, ಆಮೇಲೆ ಕಥೆ ಬದಲಾಯಿಸೋಕೆ ಆಗ್ಬಾರ್ದು ಅಂತ. ಮಗಳ ಗೈಡ್ ಆಗುವವರ ಹತ್ರ ಈ ಪದ್ಧತಿ ಉಂಟಾ ಅಂತ ಅವಳು ಕೇಳಿದ್ರೆ, ಸಿಕ್ಕೋ ಉತ್ತರದಲ್ಲೇ ಅವರು ಹೇಗೆ ಅಂತ ಅಂದಾಜು ಸಿಗ್ತದೆ.

ದುಡ್ಡಿನ ಚಿಂತೆ ಇದ್ರೆ, ನೆಟ್ ಪರೀಕ್ಷೆ ಬರೆದು ಜೆಆರ್‌ಎಫ್ (ರಿಸರ್ಚ್ ಮಾಡೋರಿಗೆ ಕೊಡೋ ಫೆಲೋಶಿಪ್) ಬಂದ್ರೆ ತಿಂಗಳಿಗೆ 37,000 ರೂಪಾಯಿ. ಹುಡುಗಿಯರಿಗೆ ಇನ್ನೊಂದು ಅನುಕೂಲ: ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2022ರ ನಿಯಮದಲ್ಲಿ ಪಿಎಚ್‌ಡಿಗೆ ಕಮ್ಮಿ ಅಂದ್ರೆ 3, ಜಾಸ್ತಿ ಅಂದ್ರೆ 6 ವರ್ಷ, ಆಮೇಲೆ 2 ವರ್ಷ ಮರುನೋಂದಣಿ, ಮಹಿಳೆಯರಿಗೆ ಇನ್ನೂ 2 ವರ್ಷ ಸೇರಿಸಬಹುದು. ಹೆರಿಗೆ ರಜೆ 240 ದಿನದ ತನಕ ಉಂಟು. ಇದನ್ನ ಮದುವೆ ಮಾತಾಡೋಕೆ ಬರೋ ನೆಂಟರಿಗೂ ಹೇಳಿಡಿ.

ಪ್ರಶ್ನೆ: ನಾನು ಸಾಫ್ಟ್‌ವೇರ್ ಕಂಪನಿಯಲ್ಲಿದ್ದೇನೆ, ವಯಸ್ಸು 38. ಲೋನ್ ಆ್ಯಪ್‌ಗಳು ಜನರಿಗೆ ಕೊಡೋ ಕಿರುಕುಳದ ಬಗ್ಗೆ ರಿಸರ್ಚ್ ಮಾಡ್ಬೇಕು ಅಂತಿದೆ. ಇದು ಯಾವ ಡಿಪಾರ್ಟ್‌ಮೆಂಟಿಗೆ ಬರ್ತದೆ? ಕೆಲಸ ಬಿಡದೆ ಮಾಡಬಹುದಾ? – ಠಾಣೆ

ಯಾವ ಡಿಪಾರ್ಟ್‌ಮೆಂಟ್ ಅಂತ ಕೇಳೋದಕ್ಕಿಂತ ಮುಂಚೆ, ನೀವು ಉತ್ತರ ಹುಡುಕೋದು ಯಾವ ಪ್ರಶ್ನೆಗೆ ಅಂತ ಒಂದೇ ಸಾಲಲ್ಲಿ ಬರೀರಿ. ಆ್ಯಪ್ ಫೋನಿನಿಂದ ಗುಟ್ಟಾಗಿ ಎಂತೆಂತ ಎಳ್ಕೊಳ್ತದೆ ಅನ್ನೋದಾದ್ರೆ ಅದು ಕಂಪ್ಯೂಟಿಂಗ್, ನೂರಾರು ಆ್ಯಪ್ ಇಳಿಸಿ ಅದರ ಒಳಗೆ ಇಣುಕಬೇಕು. ರಿಸರ್ವ್ ಬ್ಯಾಂಕ್ 2022ರ ಸೆಪ್ಟೆಂಬರಿನಲ್ಲೇ ಡಿಜಿಟಲ್ ಸಾಲದ ಮಾರ್ಗಸೂಚಿ ತಂದು ಕಾಂಟ್ಯಾಕ್ಟ್ ಲಿಸ್ಟ್ ಮುಟ್ಟಬಾರದು ಅಂದಿದೆ, ಹಾಗಿದ್ರೂ ಯಾಕೆ ನಿಲ್ಲಲಿಲ್ಲ ಅನ್ನೋದು ಲಾ. ಓದಿದವರೂ ಯಾಕೆ ಓದದೆ "ಅಲೋ" (ಅನುಮತಿ) ಬಟನ್ ಒತ್ತುತ್ತಾರೆ, ಬೆದರಿಕೆ ಬಂದಾಗ ಮನೆಯವರಿಗೂ ಯಾಕೆ ಹೇಳೋದಿಲ್ಲ ಅನ್ನೋದು ಸೈಕಾಲಜಿ. ಸಿವಿಲ್, ಮೆಕ್ಯಾನಿಕಲ್‌ಗೆ ಇಲ್ಲಿ ಕೆಲಸ ಇಲ್ಲ, ಅಂತರ್‌ಶಿಸ್ತೀಯ ಅಂತ ಹೇಳಿ ಎಲ್ಲವನ್ನೂ ತುರುಕಬೇಕಿಲ್ಲ. ಮೂರನ್ನೂ ಒಟ್ಟಿಗೆ ಮಾಡ್ತೇನೆ ಅಂತ ಹೋದೋರ ಥೀಸಿಸ್ ಭೇಲ್‌ಪುರಿ ಆಗ್ತದೆ, ಒಂದನ್ನ ಗಟ್ಟಿ ಮಾಡಿ ಉಳಿದವರಿಂದ ಕೋ-ಗೈಡ್ ತಗೊಳ್ಳಿ.

ನಿಮ್ಮ ಹಿನ್ನೆಲೆಗೆ ನಾನು ಸೂಚಿಸೋದು ಇನ್ನೊಂದು ಮೂಲೆ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಎಲೆಕ್ಟ್ರಾನಿಕ್ ದಾಖಲೆ ಜೊತೆ ಸರ್ಟಿಫಿಕೇಟ್ ಕೊಡ್ಬೇಕು, ಅದರಲ್ಲಿ ಹ್ಯಾಶ್ ವ್ಯಾಲ್ಯೂ (ಫೈಲಿನ ಬೆರಳಚ್ಚಿನಂಥ ಕೋಡ್) ಬರೀಬೇಕು, ಒಂದು ಭಾಗಕ್ಕೆ ತಜ್ಞರ ಸಹಿ ಬೇಕು. ಬೆದರಿಕೆ ವಾಟ್ಸಾಪ್ ಮೆಸೇಜ್ ಬಂದ ಡೊಂಬಿವಲಿಯ ರಿಕ್ಷಾದವನು ಇದನ್ನೆಲ್ಲ ಎಲ್ಲಿಂದ ತರ್ತಾನೆ? ಇದಕ್ಕೆ ಕೋಡ್ ಬರೆಯೋಕೆ ಗೊತ್ತಿರೋರೇ ಉತ್ತರ ಹುಡುಕಬೇಕು, ಬರೇ ವಕೀಲರಿಂದ ಆಗೋದಿಲ್ಲ.

ಪಾರ್ಟ್‌ಟೈಮ್ ಮಾಡಬಹುದು, ಕಂಪನಿಯಿಂದ ಎನ್‌ಒಸಿ ಬೇಕು, ಕೋರ್ಸ್‌ವರ್ಕಿಗೆ ಬೇಕಾದ್ರೆ ಬಿಡುವು ಕೊಡ್ತೇವೆ ಅಂತಲೂ ಅದರಲ್ಲಿ ಇರಬೇಕು. ಆನ್‌ಲೈನ್ ಪಿಎಚ್‌ಡಿ ಅಂತ ಜಾಹೀರಾತು ಕಂಡ್ರೆ ಅತ್ತ ತಲೆ ಹಾಕ್ಬೇಡಿ, ಯುಜಿಸಿ ಅದನ್ನ ಒಪ್ಪೋದಿಲ್ಲ. ಗೈಡ್ ಬೇಗ ಹುಡುಕಿ, ಪ್ರೊಫೆಸರ್‌ಗೆ 8, ಅಸೋಸಿಯೇಟ್‌ಗೆ 6, ಅಸಿಸ್ಟೆಂಟ್‌ಗೆ 4 ಸೀಟು ಅಂತ ಮಿತಿ ಉಂಟು, ಒಳ್ಳೆಯವರ ಹತ್ರ ಸೀಟು ಖಾಲಿ ಇರೋದೇ ಕಮ್ಮಿ. ಬಿ.ಇ. ಮಾಡಿದವರನ್ನ ಲಾ ಪಿಎಚ್‌ಡಿಗೆ ತಗೊಳ್ತಾರಾ ಅನ್ನೋದು ಆಯಾ ಯೂನಿವರ್ಸಿಟಿಯ ಅರ್ಹತೆ ನಿಯಮ, ಅರ್ಜಿ ಫೀಸ್ ಕಟ್ಟೋ ಮುಂಚೆ ಫೋನ್ ಮಾಡಿ ಕೇಳಿ.

ಪ್ರಶ್ನೆ: ಪ್ಲೇಜರಿಸಂ (ಬೇರೆಯವರ ಬರಹದ ನಕಲು) 10 ಪರ್ಸೆಂಟ್ ಒಳಗೆ ಇದ್ರೆ ಪಾಸ್ ಅಲ್ವಾ? ಒಬ್ರು ಥೀಸಿಸ್ ಬರೆದು ಅಷ್ಟರೊಳಗೆ ತಂದುಕೊಡ್ತೇನೆ ಅಂತಿದ್ದಾರೆ. – ಮೀರಾ ರೋಡ್

ಯುಜಿಸಿಯ 2018ರ ನಿಯಮದಲ್ಲಿ 10 ಪರ್ಸೆಂಟ್ ತನಕ ದಂಡ ಇಲ್ಲ, 10ರಿಂದ 40 ಆದ್ರೆ ಆರು ತಿಂಗಳ ಒಳಗೆ ತಿದ್ದಿ ಕೊಡ್ಬೇಕು, 60 ದಾಟಿದ್ರೆ ನೋಂದಣಿಯೇ ರದ್ದು. ಆದ್ರೆ ಸಾಫ್ಟ್‌ವೇರ್ ನೋಡೋದು ಪದಗಳ ಹೋಲಿಕೆ ಮಾತ್ರ, ಬರೆದವರು ಯಾರು ಅಂತ ಅಲ್ಲ. ವೈವಾದಲ್ಲಿ ಹೊರಗಿನ ಪರೀಕ್ಷಕರು ಎರಡನೇ ಅಧ್ಯಾಯದಲ್ಲಿ ಈ ಸ್ಯಾಂಪಲ್ ಯಾಕೆ ತಗೊಂಡ್ರಿ ಅಂತ ಒಂದೇ ಪ್ರಶ್ನೆ ಹಾಕಿದ್ರೆ ಮುಗೀತು. ಅಲ್ಲೂ ಹೇಗೋ ಪಾರಾದ್ರಿ ಅಂತ ಇಟ್ಕೊಳ್ಳಿ, ಥೀಸಿಸ್ ಶೋಧಗಂಗಾ ಅನ್ನೋ ಆನ್‌ಲೈನ್ ಥೀಸಿಸ್ ಭಂಡಾರದಲ್ಲಿ ಹತ್ತಿ ಕೂರ್ತದೆ, ಮುಂದಿನ ಇಪ್ಪತ್ತು ವರ್ಷ ಯಾರು ಬೇಕಾದ್ರೂ ತೆಗೆದು ಓದಬಹುದು. ಆ ಮನುಷ್ಯನ ನಂಬರ್ ಬ್ಲಾಕ್ ಮಾಡಿ.