ಅಮೆರಿಕದ ಕಾಲೇಜು ಮಹಿಳಾ ಬಾಸ್ಕೆಟ್‌ಬಾಲ್‌ನಲ್ಲಿ ಮೊದಲ ವರ್ಷದ ಪ್ರತಿಭಾವಂತೆಯರು ಪಳಗುವುದು ಹೇಗೆ?

ಅವರಿಗೆ ಸಮಯ ಸಿಗುತ್ತದೆ, ಅದೇ ದೊಡ್ಡ ಕಾರಣ. ಪುರುಷರು ಕಾಲೇಜಿನಲ್ಲಿ ಒಂದೇ ವರ್ಷ ಆಡಿ ವೃತ್ತಿಪರ ಲೀಗ್ ಆದ ಎನ್‌ಬಿಎಗೆ ಹೋಗಿಬಿಡಬಹುದು. ಮಹಿಳೆಯರ ಲೀಗ್ ಡಬ್ಲ್ಯುಎನ್‌ಬಿಎಯ ತಂಡಗಳು ಹೊಸಬರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ಗೆ ಮಾತ್ರ ಅಮೆರಿಕದ ಆಟಗಾರ್ತಿಗೆ ಆ ವರ್ಷ 22 ತುಂಬಬೇಕು, ಇಲ್ಲವೇ ಪದವಿ ಮುಗಿದಿರಬೇಕು ಅಥವಾ ಮುಗಿಯುವ ಹಂತದಲ್ಲಿರಬೇಕು. ಹಾಗಾಗಿ ಹೆಚ್ಚಿನವರು ನಾಲ್ಕು ವರ್ಷ ಕಾಲೇಜಿನಲ್ಲೇ ಬೆಳೆಯುತ್ತಾರೆ.

ಹೈಸ್ಕೂಲಿನಲ್ಲಿ ಎತ್ತರ, ವೇಗ ಇದ್ದರೆ ಸಾಕಿತ್ತು. ಇಲ್ಲಿ ಮೈಕಟ್ಟು ಗಟ್ಟಿಯಾಗಬೇಕು, ಇಬ್ಬರು ಸುತ್ತುವರಿದಾಗ ಚೆಂಡನ್ನು ಬೇಗ ದಾಟಿಸಬೇಕು, ಫೌಲ್ ಮಾಡದೆ ತಡೆಯುವುದನ್ನು ಕಲಿಯಬೇಕು. ನನ್ನ ಪ್ರಕಾರ ಕೊನೆಯದೇ ಅತಿ ಕಷ್ಟ.

ಅಲಿಯಾ ಬಾಸ್ಟನ್ ಅವರನ್ನೇ ನೋಡಿ. 2019ರಲ್ಲಿ ಸೌತ್ ಕೆರೊಲಿನಾ ವಿಶ್ವವಿದ್ಯಾಲಯದ ಪರ ಮೊದಲ ಪಂದ್ಯದಲ್ಲೇ 12 ಅಂಕ, 12 ರಿಬೌಂಡ್ (ಗುರಿ ತಪ್ಪಿ ಮರಳಿದ ಚೆಂಡನ್ನು ಹಿಡಿಯುವುದು), 10 ಬ್ಲಾಕ್ (ಎದುರಾಳಿ ಬುಟ್ಟಿಗೆ ಎಸೆದ ಚೆಂಡನ್ನು ತಡೆಯುವುದು)! ಆದರೆ 2021ರ ರಾಷ್ಟ್ರೀಯ ಕಾಲೇಜು ಟೂರ್ನಿಯ ಸೆಮಿಫೈನಲ್‌ನಲ್ಲಿ ಸ್ಟ್ಯಾನ್‌ಫರ್ಡ್ ವಿರುದ್ಧ ಕೊನೆಯ ಕ್ಷಣದಲ್ಲಿ ಅವರು ಹಾಕಿದ ಚೆಂಡು ಬುಟ್ಟಿಗೆ ಬೀಳಲಿಲ್ಲ. ತಂಡ 66-65ರಿಂದ ಸೋತಿತು, ಅವರು ಅಂಕಣದಲ್ಲೇ ಅತ್ತರು. ಆ ದೃಶ್ಯ ಈಗಲೂ ಮನ ಕಲಕುತ್ತದೆ. ಕೋಚ್ ಡಾನ್ ಸ್ಟೇಲಿ ಮರುವರ್ಷವೂ ತಂಡವನ್ನು ಅವರ ಸುತ್ತಲೇ ಕಟ್ಟಿದರು. 2022ರ ಫೈನಲ್‌ನಲ್ಲಿ ಯುಕಾನ್ (ಕನೆಕ್ಟಿಕಟ್ ವಿಶ್ವವಿದ್ಯಾಲಯ) ತಂಡವನ್ನು 64-49ರಿಂದ ಮಣಿಸಿದಾಗ ಬಾಸ್ಟನ್ 16 ರಿಬೌಂಡ್ ಪಡೆದಿದ್ದರು.