ವಿಎ-ಎಪಿಐ, ಅದರ ಕಾಪಿ ವಿಧಾನ, ಸಾಫ್ಟ್‌ವೇರ್: ಯಾವುದು ವಾಸಿ?

ಎಂಟನೇ ತಲೆಮಾರಿನ ಇಂಟೆಲ್ ಲ್ಯಾಪ್‌ಟಾಪ್, ಲಿನಕ್ಸ್, ಎಂಪಿವಿ ಪ್ಲೇಯರ್. ವಿಡಿಯೊ ಬಿಡಿಸೋಕೆ (ಡಿಕೋಡ್) ಮೂರು ದಾರಿ: ಆ ಕೆಲಸವನ್ನು ಜಿಪಿಯುಗೆ, ಅಂದರೆ ಗ್ರಾಫಿಕ್ಸ್ ಚಿಪ್‌ಗೆ, ಒಪ್ಪಿಸುವ ವಿಎ-ಎಪಿಐ, ಅದರದೇ ಕಾಪಿ ವಿಧಾನ, ಇಲ್ಲವೇ ಸಿಪಿಯುನೇ ಬಿಡಿಸುವ ಸಾಫ್ಟ್‌ವೇರ್. ಈ ಮೂರರಲ್ಲಿ ಚಿತ್ರ ಯಾವುದರಲ್ಲಿ ಚೆನ್ನ, ಬ್ಯಾಟರಿ ಯಾವುದರಲ್ಲಿ ಉಳಿಯುತ್ತೆ ಅಂತ ತಾನೇ ನಿಮ್ಮ ಪ್ರಶ್ನೆ?

ಚಿತ್ರದ ಚಿಂತೆ ಬಿಡಿ ಸರ್. ವಿಡಿಯೊ ಕುಗ್ಗಿಸುವ ಮಾನಕ ಎಚ್.264 ಆಗಲಿ, ಎಚ್‌ಇವಿಸಿ ಆಗಲಿ, ಸರಿಯಾದ ಡಿಕೋಡರ್ ಯಾವುದಾದರೂ ಹೊರಗೆ ಕೊಡುವ ಫ್ರೇಮ್ ಒಂದೇ. ಮಾನಕವೇ ಹಾಗೆ ಕಟ್ಟುಪಾಡು ಹಾಕಿದೆ. ಕಣ್ಣಿಗೆ ಕಾಣುವ ವ್ಯತ್ಯಾಸ ಆಮೇಲಿನ ಸ್ಕೇಲಿಂಗ್ (ಅಳತೆ ಬದಲಿಸುವುದು), ಡಿಇಂಟರ್‌ಲೇಸಿಂಗ್ (ಸಾಲು ಬಿಟ್ಟು ಸಾಲು ಬಂದ ಚಿತ್ರವನ್ನು ಪೂರ್ಣ ಮಾಡುವುದು), ಬಣ್ಣದ ಪರಿವರ್ತನೆಯಿಂದ ಬರೋದು.

ವಿದ್ಯುತ್ತಿನ ಲೆಕ್ಕ ಮಾತ್ರ ಬೇರೆ. ನೇರ ವಿಎ-ಎಪಿಐನಲ್ಲಿ ಫ್ರೇಮ್ ಜಿಪಿಯು ಕೈಯಲ್ಲೇ ಇದ್ದು ಪರದೆಗೆ ಹೋಗುತ್ತೆ. ಕಾಪಿಯಲ್ಲಿ ಪ್ರತಿ ಫ್ರೇಮೂ ಸಾಮಾನ್ಯ ಮೆಮೊರಿಗೆ ಬಂದು, ತೋರಿಸಲು ಮತ್ತೆ ಜಿಪಿಯುಗೆ ಹೋಗಬೇಕು. 4ಕೆ, 10 ಬಿಟ್, 60 ಫ್ರೇಮ್ ಅಂದರೆ ಸೆಕೆಂಡಿಗೆ ಒಂದೂವರೆ ಜಿಬಿ, ಅದೂ ಒಂದು ದಿಕ್ಕಿಗೆ! ಸಿಪಿಯು ಫಿಲ್ಟರ್ ಹಾಕುವವರಿಗೆ ಬಿಟ್ಟರೆ ಅದು ದಂಡ.

ಹಾಂ, ನಿಮ್ಮ ಚಿಪ್ ಎವಿ1 ಎಂಬ ವಿಡಿಯೊ ಮಾನಕವನ್ನು ಹಾರ್ಡ್‌ವೇರಿನಲ್ಲಿ ಬಿಡಿಸಲ್ಲ, 10 ಬಿಟ್ ಎಚ್.264 ಕೂಡ ಅಷ್ಟೇ. ಅಂಥ ಫೈಲು ಸದ್ದಿಲ್ಲದೆ ಸಾಫ್ಟ್‌ವೇರಿಗೆ ಜಾರಿಕೊಳ್ಳುತ್ತೆ, ಫ್ಯಾನ್ ಕೂಗುತ್ತೆ. ವಿಡಿಯೊ ಓಡುವಾಗ 'ಐ' ಕೀ ಒತ್ತಿ, ಯಾವ ಡಿಕೋಡರ್ ಅಂತ ತೋರಿಸುತ್ತೆ. ಬಳಕೆ ಅಳೆಯೋಕೆ ಚಾರ್ಜರ್ ಕಿತ್ತು, ಪರದೆಯ ಬೆಳಕು ಬದಲಿಸದೆ, ವಿದ್ಯುತ್ ಬಳಕೆ ತೋರಿಸುವ ಪವರ್‌ಟಾಪ್ ತಂತ್ರಾಂಶ ನೋಡಿ.