ಸಿಬ್ಬಂದಿಯ ಉತ್ಸಾಹಕ್ಕೆ ಟಾರ್ಗೆಟ್ ಹಾಕಬಹುದಾ?

ಪ್ರಶ್ನೆ: ನಾನು ಒಂದು ಸ್ಥಳೀಯ ಆಡಳಿತ ಸಂಸ್ಥೆಯ ಸಿಬ್ಬಂದಿ ವಿಭಾಗದಲ್ಲಿದ್ದೇನೆ. ನಾವು ಒಟ್ಟು 120 ಜನ. ಕಳೆದ ವರ್ಷ 18 ಜನ ಹೋದರು. ಮುಂದಿನ ವರ್ಷದ ಗುರಿಗಳಲ್ಲಿ ಸಿಬ್ಬಂದಿಯ ಉತ್ಸಾಹವನ್ನೂ ಅವರನ್ನು ಉಳಿಸಿಕೊಳ್ಳುವುದನ್ನೂ ಸೇರಿಸಿ ಎಂದು ಮೇಲಿನವರು ಹೇಳಿದ್ದಾರೆ. ಸಂಬಳ ನಮ್ಮ ಕೈಯಲ್ಲಿಲ್ಲ. 'ಸಮೀಕ್ಷೆಯಲ್ಲಿ 80 ಅಂಕ, ಕೆಲಸ ಬಿಡುವವರು ಶೇ 10ರೊಳಗೆ' ಎಂದು ಬರೆದಿಟ್ಟಿದ್ದೇನೆ. ಸಾಕಾ?

ಉತ್ತರ: ಮೊದಲು ಆ 80 ಅಂಕ ಹೊಡೆದುಹಾಕಿ. ಅಂಕವೇ ಗುರಿ ಅಂತ ಗೊತ್ತಾದ ದಿನದಿಂದ ವಿಭಾಗದ ಮುಖ್ಯಸ್ಥರು 'ಸ್ವಲ್ಪ ನೋಡಿ ತುಂಬ್ರಪ್ಪಾ' ಎನ್ನಲು ಶುರು ಮಾಡುತ್ತಾರೆ. ಅಂಕ 85 ಬರುತ್ತದೆ, ಜನ ಹೋಗುತ್ತಲೇ ಇರುತ್ತಾರೆ. ಹಣಕಾಸು ನೀತಿಯ ವಿಷಯದಲ್ಲಿ ಬ್ರಿಟಿಷ್ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ 1975ರಲ್ಲೇ ಇದನ್ನು ಹೇಳಿದ್ದರು: ಒಂದು ಅಳತೆಯನ್ನು ಹಿಡಿದು ನಿಯಂತ್ರಿಸಲು ಹೊರಟರೆ ಆ ಅಳತೆಯನ್ನು ನಂಬುವಂತಿರುವುದಿಲ್ಲ. ಸಮೀಕ್ಷೆ ಮಾಡಿ, ಬೇಡ ಅನ್ನುವುದಿಲ್ಲ. ಆದರೆ ಎಲ್ಲಿ ನೋವಿದೆ ಅಂತ ತಿಳಿಯೋಕೆ ಮಾತ್ರ. ಮೂರೇ ಜನ ಇರುವ ವಿಭಾಗದ ಉತ್ತರವನ್ನು ಬೇರೆಯಾಗಿ ತೋರಿಸಬೇಡಿ, ಯಾರು ಬರೆದದ್ದು ಅಂತ ಎಲ್ಲರಿಗೂ ಗೊತ್ತಾಗುತ್ತದೆ.

ಇನ್ನು ಆ 18. 120ಕ್ಕೆ 18 ಅಂದರೆ ಶೇ 15, ಲೆಕ್ಕ ಸರಿ. ಆದರೆ ಅದರಲ್ಲಿ ನಿವೃತ್ತರಾದವರು ಎಷ್ಟು? ಆರು ಜನ ಅಂದುಕೊಳ್ಳಿ. ತಾವಾಗಿ ಬಿಟ್ಟವರು 12, ಅಂದರೆ ಶೇ 10. ನೀವು ಏನೂ ಮಾಡದೆ ಗುರಿಯ ಹತ್ತಿರ ಬಂದುಬಿಟ್ಟಿರಿ! ನಿವೃತ್ತಿ, ವರ್ಗಾವಣೆ, ತಾವಾಗಿ ಬಿಟ್ಟದ್ದು, ಮೂರನ್ನೂ ಬೇರೆ ಮಾಡಿ. ತಾವಾಗಿ ಬಿಟ್ಟವರಲ್ಲಿ ಒಂದು ವರ್ಷವೂ ತುಂಬದವರು ಎಷ್ಟು, ಒಂದೇ ವಿಭಾಗದಿಂದ ಹೋದವರು ಎಷ್ಟು, ಅದನ್ನು ನೋಡಿ. 12ರಲ್ಲಿ ಏಳು ಜನ ಒಬ್ಬರೇ ಮುಖ್ಯಸ್ಥರ ಕೈಕೆಳಗಿನವರಾಗಿದ್ದರೆ ನಿಮಗೆ ಬೇಕಿರುವುದು ಇಡೀ ಸಂಸ್ಥೆಗೊಂದು ಯೋಜನೆ ಅಲ್ಲ, ಆ ಒಂದು ಕೋಣೆಯಲ್ಲಿ ಕೂತು ಆಡುವ ಮಾತು. (ಎಲ್ಲರೂ ಉಳಿಯಲೇಬೇಕು ಅಂತಲೂ ಇಲ್ಲ ಬಿಡಿ. ಕೆಲವರು ಹೋದಾಗ ಉಳಿದವರ ಉತ್ಸಾಹ ಹೆಚ್ಚುತ್ತದೆ.)

ಸಂಬಳ ಕೈಯಲ್ಲಿಲ್ಲ ಎಂದಿರಿ. ಕೈಯಲ್ಲಿರುವುದು ಏನು ಅಂತ ನೋಡೋಣ. ಅಮೆರಿಕದ ಪಿಟ್ಸ್‌ಬರ್ಗ್ ಸುತ್ತಮುತ್ತಲ ಸುಮಾರು 200 ಎಂಜಿನಿಯರುಗಳನ್ನೂ ಲೆಕ್ಕಪತ್ರದವರನ್ನೂ ಮಾತಾಡಿಸಿ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್ ತಂಡ 1959ರಲ್ಲಿ ಒಂದು ವಿಷಯ ಮುಂದಿಟ್ಟಿತು: ಬೇಸರ ತರುವ ಸಂಗತಿಗಳೇ ಬೇರೆ, ಖುಷಿ ಕೊಡುವ ಸಂಗತಿಗಳೇ ಬೇರೆ. ಸಂಬಳ, ನಿಯಮ, ಮೇಲಧಿಕಾರಿಯ ವರ್ತನೆ ಕೆಟ್ಟರೆ ಬೇಸರ. ಮಾಡಿದ ಕೆಲಸ, ಅದಕ್ಕೆ ಸಿಗುವ ಮನ್ನಣೆ, ಹೊಣೆ, ಇವುಗಳಿಂದ ಖುಷಿ. ಇದಕ್ಕೆ ತಕರಾರುಗಳೂ ಬಂದವು. ಒಳ್ಳೆಯದಾದರೆ ನನ್ನಿಂದ, ಕೆಟ್ಟದ್ದಾದರೆ ಆಫೀಸಿನಿಂದ ಅನ್ನುವುದು ಮನುಷ್ಯನ ಸ್ವಭಾವ ಅಲ್ವಾ! ಆದರೂ ಒಂದು ಮಾತು ನಿಮಗೆ ಉಪಯೋಗಕ್ಕೆ ಬರುತ್ತದೆ. ರಜೆ ಅರ್ಜಿ ವಾರಗಟ್ಟಲೆ ಕೊಳೆಯುವ ಕಡೆ 'ತಿಂಗಳ ಉತ್ತಮ ನೌಕರ' ಅಂತ ಫೋಟೊ ಹಾಕಿದರೆ ಜನ ನಗುತ್ತಾರೆ, ಅಷ್ಟೇ.

ರಜೆ ಅರ್ಜಿ ಅಂತ ಸುಮ್ನೆ ಹೇಳಲಿಲ್ಲ. ನಾನು ಮೊದಲಿದ್ದ ಕಚೇರಿಯೊಂದರಲ್ಲಿ ಕೌಂಟರಿನ ಹುಡುಗಿ ರಾಜೀನಾಮೆ ಕೊಟ್ಟಳು. ಪತ್ರದಲ್ಲಿ 'ವೈಯಕ್ತಿಕ ಕಾರಣ' ಅಂತಿತ್ತು. ತಂಗಿಯ ಮದುವೆಗೆ ಕೇಳಿದ ನಾಲ್ಕು ದಿನದ ರಜೆ ಹನ್ನೊಂದು ದಿನ ಟ್ರೇಯಲ್ಲೇ ಇತ್ತು, ಮೇಲೆ ಟೀ ಲೋಟದ ಗುರುತು ಬೇರೆ. ಆಗಲ್ಲ ಅಂದಿದ್ದರೂ ಬೇಜಾರಾಗುತ್ತಿರಲಿಲ್ಲ ಸರ್, ಯಾರೂ ಏನೂ ಹೇಳಲಿಲ್ಲವಲ್ಲ ಎಂದಳು.

ಹಾಗಾಗಿ ಗುರಿ ಹಾಕುವುದಾದರೆ ಮುಖ್ಯಸ್ಥರು ಮಾಡಬೇಕಾದ ಕೆಲಸದ ಮೇಲೆ ಹಾಕಿ. ರಜೆ ಅರ್ಜಿಗೆ ಮೂರು ಕೆಲಸದ ದಿನದೊಳಗೆ ಹೌದು ಅಥವಾ ಇಲ್ಲ. ಹೊಸಬರಿಗೆ ಮೊದಲ ದಿನವೇ ಕುರ್ಚಿ, ಲಾಗಿನ್, ಕಲಿಸಲು ಒಬ್ಬರು. ಪಕ್ಕದವರ ಪಾಸ್‌ವರ್ಡ್‌ನಲ್ಲಿ ಮೂರು ವಾರ ಕೆಲಸ ಮಾಡಿದವರಿಗೆ ಇದು ತಮ್ಮ ಜಾಗ ಅಂತ ಅನ್ನಿಸುವುದು ಕಷ್ಟ. ಖಾಲಿ ಹುದ್ದೆ ತುಂಬಲು ಎಷ್ಟು ದಿನ ಹಿಡಿಯುತ್ತಿದೆ ಅಂತ ಈಗಲೇ ಎಣಿಸಿ, ಅದನ್ನು ಇಳಿಸಿ. ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಮುಖ್ಯ. ಒಬ್ಬರು ಹೋದರೆ ಅವರ ಫೈಲು ಪಕ್ಕದವರ ಮೇಜಿಗೆ ಬರುತ್ತದೆ, ಕೌಂಟರಿನ ಮುಂದೆ ಜನರ ಸಿಟ್ಟೂ ಅವರ ಮೇಲೆಯೇ, ಆರು ತಿಂಗಳಲ್ಲಿ ಅವರೂ ಹೊರಡುತ್ತಾರೆ. ನೇಮಕಾತಿಯ ಅಧಿಕಾರ ನಿಮ್ಮದಲ್ಲದಿದ್ದರೆ, ಖಾಲಿ ಇದೆ ಅಂತ ಮೇಲೆ ಬರೆಯಲು ನೀವು ತೆಗೆದುಕೊಳ್ಳುವ ದಿನಗಳನ್ನಾದರೂ ಎಣಿಸಿ. ಗುರಿ ಮೂರಕ್ಕಿಂತ ಜಾಸ್ತಿ ಬೇಡ.

ಪ್ರಶ್ನೆ: ಹೋಗುವವರ ಹತ್ತಿರ ಕಾರಣ ಕೇಳಿದರೆ ಯಾರೂ ನಿಜ ಹೇಳುವುದಿಲ್ಲ. ಏನು ಮಾಡಲಿ?

ಉತ್ತರ: ಯಾಕೆ ಹೇಳುತ್ತಾರೆ? ಅನುಭವ ಪತ್ರ ಇನ್ನೂ ನಿಮ್ಮ ಕೈಯಲ್ಲೇ ಇದೆಯಲ್ಲ. ಬಾಕಿ ಎಲ್ಲ ಕೊಟ್ಟು, ಮೂರು ತಿಂಗಳು ಬಿಟ್ಟು ಫೋನ್ ಮಾಡಿ. ಅದಕ್ಕೂ ಮೊದಲು ಇನ್ನೂ ಉಳಿದಿರುವವರನ್ನು ಕೇಳಿ: ಕಳೆದ ಸಲ ಬಿಟ್ಟುಹೋಗೋಣ ಅನ್ನಿಸಿದ್ದು ಯಾವತ್ತು, ಅವತ್ತು ಏನಾಗಿತ್ತು? ನೇರ ಮೇಲಧಿಕಾರಿ ಕೇಳುವುದು ಬೇಡ, ನೀವೇ ಕೇಳಿ.